ಪೈಪಿನಲ್ಲಿ ಗಾಳಿ, ನಡುವೆ ಅಮ್ಮ

ಮೇಸ್ತ್ರಿ ಕ್ಲಚ್ ಪೆಡಲನ್ನು ಕೈಯಿಂದಲೇ ಒತ್ತಿ ನೋಡಿದ. ಪೆಡಲ್ ಕೆಳಗೆ ಹೋಯಿತು. ಹೋದದ್ದು ವಾಪಸು ಬರಲಿಲ್ಲ. ನೀರು ತರಲು ಹೋದ ಸೋಮಾರಿಯ ಹಾಗೆ ಅಲ್ಲೇ ಕೂತುಬಿಟ್ಟಿತು.

ಇಪ್ಪತ್ತಾರು ವರ್ಷದಲ್ಲಿ ಅವನು ಕೈಯಿಟ್ಟ ಗಾಡಿ ಹೀಗೆ ಮುಖ ತಿರುಗಿಸಿದ್ದಿಲ್ಲ. ಅವನ ಕೈಗುಣ ಎಂಥದ್ದೆಂದರೆ, ಒಮ್ಮೆ ಕೆಟ್ಟ ಲಾರಿಯೊಂದು ಶೆಡ್ಡಿಗೆ ಬಂದಾಗ ಅವನು ಊಟಕ್ಕೆ ಹೋಗಿದ್ದ. ಬಾಗಿಲಲ್ಲಿ ನೇತುಹಾಕಿದ್ದ ಅವನ ಮಸಿ ಅಂಗಿಯನ್ನು ನೋಡಿಯೇ ಲಾರಿ ಸ್ಟಾರ್ಟ್ ಆಯಿತು. ಇದನ್ನು ಹೇಳಿದ್ದು ಲಾರಿಯ ಡ್ರೈವರ್; ಡ್ರೈವರುಗಳು ಸುಳ್ಳು ಹೇಳುವುದಿಲ್ಲ.

ಈಗ ಮುಂದೆ ನಿಂತಿದ್ದದ್ದು ಲಾರಿಯಲ್ಲ, ಹೆಂಡತಿಯ ಪುಟ್ಟ ಬಿಳಿ ಕಾರು. ಅವಳು ಒಂಬತ್ತು ವರ್ಷದಿಂದ ಡ್ರೈವಿಂಗ್ ಕ್ಲಾಸ್ ನಡೆಸುವವಳು. ಬೀದಿಗೆಲ್ಲ ಅವಳು ಮೇಡಮ್. ಕ್ಲಾಸಿಗೆ ಇದ್ದದ್ದು ಅದೊಂದೇ ಕಾರು. ಮಧ್ಯಾಹ್ನ ಹನ್ನೆರಡಕ್ಕೆ ಸಾರಿಗೆ ಕಚೇರಿಯ ತಪಾಸಣೆ ಅಧಿಕಾರಿ ಬರುವವರಿದ್ದರು. ಕಾರು ಓಡಿದರೆ ಕ್ಲಾಸಿನ ಪರವಾನಗಿ ಮುಂದುವರಿಯುತ್ತದೆ, ಓಡದಿದ್ದರೆ ಬೋರ್ಡು ಇಳಿಸಬೇಕು. ಕ್ಲಚ್ಚಿನ ಕೆಳಗಿನ ಸಿಲಿಂಡರು ಸೋರಿ ಸತ್ತಿತ್ತು. ಮೇಸ್ತ್ರಿ ಬೆಳಿಗ್ಗೆ ಏಳಕ್ಕೆ ಶುರುಮಾಡಿ ಹೊಸದು ಕೂರಿಸಿದ್ದ. ಇನ್ನು ಉಳಿದಿದ್ದು ಪೈಪಿನೊಳಗಿನ ಗಾಳಿ ತೆಗೆಯುವುದೊಂದೇ. ಅವನ ಲೆಕ್ಕದಲ್ಲಿ ಹತ್ತು ನಿಮಿಷದ ಕೆಲಸ.

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಆಗ ಕೆಳಗೆ ಮಲಗಿದವನು ಸಿಲಿಂಡರಿನ ನಿಪ್ಪಲ್ ಎಂಬ ಸಣ್ಣ ಮೂತಿ ಬಿಚ್ಚುತ್ತಾನೆ, ಆಯಿಲ್ ಜೊತೆ ಗಾಳಿ ಬುಸ್ಸೆಂದು ಹೊರಗೆ ಬರುತ್ತದೆ. ಅವನು ನಿಪ್ಪಲ್ ಮುಚ್ಚಿದ ಮೇಲೆ ಮೇಲಿನವರು ಕಾಲು ತೆಗೆಯಬೇಕು. ಮುಚ್ಚುವ ಮೊದಲೇ ತೆಗೆದರೆ ಹೋದ ಗಾಳಿ ನೆಂಟರ ಸಮೇತ ಒಳಗೆ ಬರುತ್ತದೆ. ಒತ್ತು, ಹಿಡಿ, ಬಿಡು. ಮೂರೇ ಮಾತು.

ತೊಂದರೆ ಇದ್ದದ್ದು ಅಲ್ಲೇ. ಗಂಡ ಹೆಂಡತಿ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು.

ಮಾತು ಬಿಟ್ಟ ದಿನ ಕಾರು ಕೂಡುರಸ್ತೆಯ ನಡುವೆ ನಿಂತುಬಿಟ್ಟಿತ್ತು. ಒಳಗೆ ಮೇಡಮ್ ಮತ್ತು ಒಬ್ಬ ಕಲಿಯುವವ, ಫುಟ್‌ಪಾತಿನಲ್ಲಿ ಸರದಿ ಕಾಯುತ್ತಿದ್ದ ಇನ್ನೂ ಐವರು. ಮೇಸ್ತ್ರಿ ಬಂದ, ಬಗ್ಗಿ ನೋಡಿದ, ಎದ್ದು ಕೈ ಒರೆಸಿಕೊಳ್ಳುತ್ತ ಎಲ್ಲರಿಗೂ ಕೇಳುವಂತೆ ಅಂದ: "ಇನ್ನೇನಾಗುತ್ತೆ? ಇವಳ ಕಾಲು ಇಪ್ಪತ್ನಾಲ್ಕು ಗಂಟೆ ಕ್ಲಚ್ ಮೇಲೇ ಇರುತ್ತೆ. ಕಲಿಸೋರ ಕಾಲೇ ಹಿಂಗಾದ್ರೆ ಕಲಿಯೋರ ಗತಿ ಏನು?"

ಆರು ಜನರೂ ನಕ್ಕರು. ಮರುದಿನ ಅವರಲ್ಲಿ ಐವರು ಮುಖ್ಯರಸ್ತೆಯ ಇನ್ನೊಂದು ಕ್ಲಾಸಿಗೆ ಸೇರಿದರು. ಉಳಿದವನು ಒಬ್ಬ ದರ್ಜಿ. ನಿಷ್ಠೆಯಿಂದ ಉಳಿದನೋ, ಇನ್ನೊಂದು ಕ್ಲಾಸು ದೂರ ಎಂದು ಉಳಿದನೋ, ಕೇಳಿದರೆ ಎರಡಕ್ಕೂ ಹೂಂ ಅನ್ನುತ್ತಿದ್ದ. ಮೇಡಮ್ ಮಾತ್ರ ಅವತ್ತಿನಿಂದ ಗಂಡನ ಮುಂದೆ ಬಾಯಿಗೆ ಬೀಗ ಹಾಕಿದಳು. ಗಂಡನೂ ಏನು ಕಮ್ಮಿ ಎಂದು ತಾನೂ ಹಾಕಿದ. ಕಾರು ರಿಪೇರಿ ಮಾಡು ಎಂದು ಅವಳೂ ಹೇಳಲಿಲ್ಲ, ಅವನೂ ಮುಟ್ಟಲಿಲ್ಲ; ತಪಾಸಣೆಯ ದಿನದವರೆಗೆ ಅದು ಶೆಡ್ಡಿನಲ್ಲೇ ಕೂತಿತ್ತು. ಎರಡು ಬೀಗಕ್ಕೂ ಕೀಲಿ ಒಂದೇ: ಮೇಸ್ತ್ರಿಯ ಅಮ್ಮ. ಉಪ್ಪು ಬೇಕಾದರೆ ಅಮ್ಮನ ಮೂಲಕ, ಫ್ಯಾನ್ ಆರಿಸಬೇಕಾದರೆ ಅಮ್ಮನ ಮೂಲಕ. ಎಪ್ಪತ್ತೆರಡರ ಮುದುಕಿ ಆ ಹನ್ನೊಂದು ದಿನ ಕೋಣೆಯಿಂದ ಕೋಣೆಗೆ ನಡೆದ ದೂರವನ್ನು ನೇರ ಮಾಡಿದ್ದರೆ ಸಮುದ್ರ ಮುಟ್ಟಬಹುದಿತ್ತು.

ಇವತ್ತು ದರ್ಜಿ ಬೆಳಿಗ್ಗೆಯೇ ಬಂದು, "ಪೆಡಲ್ ನಾನೇ ಒತ್ತುತ್ತೀನಿ, ನನಗೆ ಹೊಲಿಗೆ ಮಷೀನು ತುಳಿದು ಅಭ್ಯಾಸ ಇದೆ" ಎಂದಿದ್ದ. ಮೇಡಮ್ ಅವನನ್ನು ಸೀಟಿನಿಂದ ಎಬ್ಬಿಸಿದಳು.

"ಅತ್ತೆ, ಹೇಳಿ ನಿಮ್ಮ ಮಗನಿಗೆ. ಯಾವ ಕಾಲಿನ ಮೇಲೆ ದೂರು ಬಂದಿದ್ಯೋ ಅದೇ ಕಾಲು ಇಲ್ಲಿ ಕೂರುತ್ತೆ. ಬೇರೆ ಕಾಲಿಗೆ ಜಾಗ ಇಲ್ಲ."

ದರ್ಜಿಗೆ ಬಾನೆಟ್ಟಿನ ಬಳಿ ನಿಂತು, ಪೈಪಿಗೆ ಆಯಿಲ್ ಇಳಿಸುವ ಡಬ್ಬಿ ಖಾಲಿಯಾಗದಂತೆ ಸುರಿಯುವ ಕೆಲಸ ಸಿಕ್ಕಿತು. ಅಮ್ಮನಿಗೆ ಮುಂದಿನ ಚಕ್ರದ ಪಕ್ಕ ಒಂದು ಸ್ಟೂಲು ಹಾಕಿದರು. ಎಡಕ್ಕೆ ತಿರುಗಿದರೆ ಸೊಸೆ, ಬಗ್ಗಿದರೆ ಮಗ. ಪಕ್ಕದ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೆಳಗ್ಗಿನಿಂದ ಢಗಢಗ ಹೊಡೆದುಕೊಳ್ಳುತ್ತಿತ್ತು. ಅದರ ಮುಂದೆ ಕಾರಿನ ಕೆಳಗೆ ಮಲಗಿದವನಿಗೆ ತನ್ನ ಉಸಿರೂ ಕೇಳುತ್ತಿರಲಿಲ್ಲ. ಹಾಗಾಗಿ ಮೇಸ್ತ್ರಿ ಅಮ್ಮನಿಗೆ ಕಿರುಚುವುದು, ಅಮ್ಮ ತಿರುಗಿ ಸೊಸೆಗೆ ಹೇಳುವುದು, ಸೊಸೆ ಹೇಳಿದ್ದನ್ನು ಅಮ್ಮ ಬಗ್ಗಿ ಮಗನ ಕಿವಿಗೆ ಹಾಕುವುದು.

"ಒತ್ತು ಅನ್ನಮ್ಮ!"

ಮೇಲೆ ಏನೋ ಮಾತಾಯಿತು. ಸ್ವಲ್ಪ ಹೊತ್ತಿಗೆ ಅಮ್ಮನ ಮುಖ ಚಕ್ರದ ಪಕ್ಕ ಇಣುಕಿತು. "ಒತ್ತಿದಾಳೆ ಕಣೋ!"

ಮೇಸ್ತ್ರಿ ನಿಪ್ಪಲ್ ಬಿಚ್ಚಿದ. ಬುಸ್ ಎಂದು ನೊರೆ ಬಂತು. ಬೇರೆ ಮೆಕ್ಯಾನಿಕ್ಕುಗಳು ನಿಪ್ಪಲ್ಲಿಗೆ ಟ್ಯೂಬು ಸಿಕ್ಕಿಸಿ, ಅದರ ತುದಿಯನ್ನು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸುತ್ತಾರೆ. ಮೇಸ್ತ್ರಿ ಅಂಥ ಕೆಲಸವನ್ನು ಕೈ ನಡುಗುವವರಿಗೆ ಬಿಟ್ಟಿದ್ದ. ಅವನದು ಒಂದು ಖಾಲಿ ಡಬ್ಬ, ನಿಪ್ಪಲ್ ತಿರುಗಿಸಲು ಒಂದು ಪಾನಾ, ಎರಡು ಬೆರಳು.

ಎಂಟರಿಂದ ಒಂಬತ್ತೂವರೆಯವರೆಗೆ ಹೀಗೆ ಗಾಳಿ ತೆಗೆದರು. ಪೆಡಲ್ ಇದ್ದಲ್ಲೇ ಇತ್ತು. ಮೇಸ್ತ್ರಿ ಹೊರಗೆ ಬಂದು, ಹೊಸ ಸಿಲಿಂಡರಿಗೇ ಜನ್ಮದೋಷ ಎಂದು ತೀರ್ಮಾನಿಸಿ ಇನ್ನೊಂದು ತರಿಸಿ ಹಾಕಿದ. ಪೆಡಲ್ ಏಳಲಿಲ್ಲ. ಪೈಪಿನ ಜಾಯಿಂಟುಗಳನ್ನು ಒರೆಸಿ ಪೌಡರ್ ಉದುರಿಸಿ ಕಾದ. ಒಂದು ಹನಿ ಸೋರಿಕೆ ಇಲ್ಲ. ಪೆಡಲಿನ ಹಿಂದಿನ ರಾಡ್ ನೋಡಿದ, ಸರಿಯಾಗಿತ್ತು. ಕಾಲಡಿಯ ರಬ್ಬರ್ ಚಾಪೆ ಕಿತ್ತು ಬಿಸಾಕಿದ, ಅದು ನಿರಪರಾಧಿ. ಕೊನೆಗೆ ಮೇಲಿನ ಸಿಲಿಂಡರನ್ನೂ ಬದಲಿಸಿದ. ಮತ್ತೆ ಮಲಗಿದ. ಮತ್ತೆ ಗಾಳಿ. ಬುಸ್, ಬುಸ್, ಬುಸ್. ಆ ಹೊತ್ತಿಗೆ ಹೊರಗೆ ಬಂದಿದ್ದ ಗಾಳಿಯಲ್ಲಿ ಎರಡು ಲಾರಿ ಟೈರು, ಒಂದು ಸ್ಟೆಪ್ನಿ ತುಂಬಬಹುದಿತ್ತು ಎಂದು ಪಂಕ್ಚರ್ ಅಂಗಡಿಯವನೇ ಲೆಕ್ಕ ಹಾಕಿ ಹೇಳಿದ. ಬೀದಿಯಲ್ಲಿ ಗಾಳಿ ಕಡಿಮೆಯಾಗಿ ಎದುರು ಮನೆಯ ಬಟ್ಟೆ ಒಣಗಲಿಲ್ಲ ಎಂಬ ಮಾತೂ ಇದೆ. ಅದನ್ನು ನಾವು ನಂಬಬೇಕಿಲ್ಲ.

"ಮೇಸ್ತ್ರಿಗಳೇ, ಹನ್ನೊಂದಾಯ್ತು" ಎಂದ ದರ್ಜಿ. "ನಾನು ಐದು ಬಾಟಲಿ ಆಯಿಲ್ ಸುರಿದಿದೀನಿ. ಇಷ್ಟು ಕುಡಿದ್ರೆ ಮನುಷ್ಯನೂ ಏಳ್ತಿರಲಿಲ್ಲ ಬಿಡಿ."

ಮೇಸ್ತ್ರಿಯ ಬೆನ್ನ ಕೆಳಗಿನ ಗೋಣಿ ಆಯಿಲಿನಲ್ಲಿ ನೆಂದಿತ್ತು. ಅವನು ಕತ್ತಲಲ್ಲಿ ತನ್ನ ಎರಡು ಕೈಗಳನ್ನು ಮುಖದ ಹತ್ತಿರ ತಂದು ನೋಡಿಕೊಂಡ. ಅವನವೇ. ಬೇರೆಯವರ ಕೈ ಅಲ್ಲ. ಮತ್ತೆ ಯಾಕೆ ಹೀಗೆ? ಇನ್ನೊಂದು ವಿಷಯವೂ ಚುಚ್ಚುತ್ತಿತ್ತು. ಬೆಳಿಗ್ಗೆ ಹಳೆಯ ಸಿಲಿಂಡರ್ ಬಿಚ್ಚಿದಾಗ ಒಳಗಿಂದ ಕಾಡಿಗೆಯಂಥ ಕಪ್ಪು ರಾಡಿ ಸುರಿದಿತ್ತು. ಗೋಡೆಗೆಲ್ಲ ತುಕ್ಕು, ರಬ್ಬರು ಚಿಂದಿ. ಅದು ಕಾಲಿನಿಂದ ಆಗುವ ಕೆಲಸವಲ್ಲ. ವರ್ಷಗಟ್ಟಲೆ ಆಯಿಲ್ ಬದಲಿಸದೆ ಬಿಟ್ಟರೆ ಆಗುವ ಕೆಲಸ. ಊರಿನ ಗಾಡಿಗಳಿಗೆಲ್ಲ ಹೊತ್ತುಹೊತ್ತಿಗೆ ಆಯಿಲ್ ಬದಲಿಸಿದವನು ಹೆಂಡತಿಯ ಕಾರಿಗೆ ಏಳು ವರ್ಷದಿಂದ ಒಂದು ಹನಿ ಹಾಕಿರಲಿಲ್ಲ. ಮನೆಯ ಕಾರು ತಾನೇ, ನಾಳೆ ಮಾಡಿದರಾಯಿತು. ಕಾಲಿಟ್ಟು ಓಡಿಸಿದರೆ ಸವೆಯುವುದು ಕ್ಲಚ್ ಪ್ಲೇಟು, ಸೋರುವುದು ಸಿಲಿಂಡರಲ್ಲ ಎಂಬುದು ಅವನಿಗೆ ಕೂಡುರಸ್ತೆಯಲ್ಲೇ ಗೊತ್ತಿತ್ತು. ಆದರೆ ಅಷ್ಟು ಜನ ನೋಡುತ್ತಿದ್ದರು. ಬಾಯಿಗೆ ಬಂದದ್ದು ಬಂದುಬಿಟ್ಟಿತ್ತು. ಹಳೆಯ ಸಿಲಿಂಡರನ್ನು ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲೆ ತಳ್ಳಿದ್ದ.

ಹನ್ನೊಂದೂ ಹತ್ತಕ್ಕೆ ಕರೆಂಟು ಹೋಯಿತು.

ಕಂಪ್ರೆಸರ್ ಗೊಕ್ ಎಂದು ನಿಂತಿತು. ಇದ್ದಕ್ಕಿದ್ದಂತೆ ಬೀದಿ ಎಷ್ಟು ನಿಶ್ಶಬ್ದವಾಯಿತೆಂದರೆ, ದರ್ಜಿ ಸುರಿಯುತ್ತಿದ್ದ ಆಯಿಲ್ ಡಬ್ಬಿಗೆ ಇಳಿಯುವುದು ಕೇಳಿಸಿತು. ಅಮ್ಮನಿಗೆ ಮಾತ್ರ ಸದ್ದು ನಿಂತದ್ದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಹನ್ನೊಂದು ದಿನದ ರೂಢಿ, ಕೆಲಸ ಮುಂದುವರಿಸಿದಳು.

"ಒತ್ತು ಅನ್ನಮ್ಮ" ಎಂದ ಮೇಸ್ತ್ರಿ, ಈ ಸಲ ಮೆಲ್ಲಗೆ.

ಅಮ್ಮ ಸೊಸೆಯ ಕಡೆ ತಿರುಗಿದಳು. "ನೋಡಮ್ಮ, ಅವನಿಗೆ ತಪ್ಪಿನ ಅರಿವಾಗಿದೆ. ಕಣ್ಣಲ್ಲಿ ನೀರು ತುಂಬ್ಕೊಂಡು ಮಲಗಿದಾನೆ. ನಿನ್ನಂಥ ಹೆಂಡ್ತಿ ಏಳು ಜನ್ಮಕ್ಕೂ ಸಿಗಲ್ಲ ಅಂತಿದಾನೆ. ಒಂದ್ಸಲ ಒತ್ತಬೇಕಂತೆ."

ಕಾರಿನ ಕೆಳಗೆ ಮೇಸ್ತ್ರಿಯ ಕಣ್ಣುಗಳು ಅಗಲವಾದವು. ನೀರಂತೂ ಇರಲಿಲ್ಲ.

"ಅದನ್ನ ಅವರ ಬಾಯಿಂದಲೇ ಹೇಳಕ್ಕೆ ಹೇಳಿ ಅತ್ತೆ" ಎಂದಳು ಮೇಡಮ್. "ಹನ್ನೊಂದು ದಿನದಿಂದ ನೀವೇ ಹೇಳ್ತಿದೀರಿ. ದಿನಾ ಎರಡು ಸಲ ತಪ್ಪಾಯ್ತು ಅಂತಾರಂತೆ, ನನ್ನ ಮುಂದೆ ಬಂದ್ರೆ ಗೋಡೆ ನೋಡ್ತಾರೆ." ಪೆಡಲ್ ಧಡ್ ಎಂದಿತು.

ಅಮ್ಮ ಬಗ್ಗಿದಳು. "ಒತ್ತಿದಾಳೆ ಕಣೋ. ಪಾಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು ಅಂತ ಹೊಟ್ಟೆ ಉರ್ಕೊಳ್ತಿದಾಳೆ."

ಮೇಸ್ತ್ರಿ ನಿಪ್ಪಲ್ ಬಿಚ್ಚಿದ. ಬುಸ್ ಎಂದಿತು. ಪಾನಾ ತಿರುಗಿಸಿ ಮುಚ್ಚಬೇಕು, ಅಷ್ಟರಲ್ಲಿ ಅಮ್ಮ ಆಗಲೇ ಮೇಲಕ್ಕೆ ತಿರುಗಿದ್ದಳು.

"ಸಾಕು ಬಿಡಮ್ಮ, ಬಿಡು. ಎಷ್ಟೊತ್ತು ಒತ್ಕೊಂಡಿರ್ತೀಯ? ನಿನ್ನ ಮೊಣಕಾಲೇನು ಕಬ್ಬಿಣದ್ದಾ?"

ಬಿಚ್ಚಿದ ನಿಪ್ಪಲ್ ಸೊರ್ರೆಂದು ಬೀದಿಯ ಗಾಳಿಯನ್ನು ಒಳಗೆಳೆದುಕೊಂಡಿತು. ಮೇಸ್ತ್ರಿಯ ಕಣ್ಣೆದುರೇ.

ಅವನು ಕಲ್ಲಾದ. ಎಂಟರಿಂದ ಹನ್ನೊಂದೂ ಹತ್ತರವರೆಗೆ ಅವನು ತೆಗೆದ ಗಾಳಿಯನ್ನೆಲ್ಲ ಅಮ್ಮ ಸೊಸೆಯ ಮೊಣಕಾಲಿನ ಮೇಲಿನ ಕರುಣೆಯಿಂದ ಒಂದೊಂದಾಗಿ ವಾಪಸು ತುಂಬಿಸಿದ್ದಳು. ಎರಡು ಹೊಸ ಸಿಲಿಂಡರು, ಒಂದು ಮೇಲಿನ ಸಿಲಿಂಡರು, ಐದು ಬಾಟಲಿ ಆಯಿಲ್. ಅದಕ್ಕಿಂತ ದೊಡ್ಡ ಏಟು ಇನ್ನೊಂದು: ಹನ್ನೊಂದು ದಿನದಲ್ಲಿ ಅಮ್ಮ ಅವನ ಪರವಾಗಿ ಇಪ್ಪತ್ತೆರಡು ಸಲ ಕ್ಷಮೆ ಕೇಳಿದ್ದಳು. "ಸ್ನಾನಕ್ಕೆ ನೀರು ಕಾದಿದೆ ಅಂತ ಹೇಳಿದಾಳೆ", "ನೀನು ಸೊರಗಿದ್ದೀಯ ಅಂದ್ಲು" ಎಂದೆಲ್ಲ ಅಮ್ಮ ತಂದು ಕೊಟ್ಟದ್ದನ್ನು ನಂಬಿ, ಹೆಂಡತಿ ಕರಗುತ್ತಿದ್ದಾಳೆ, ಇನ್ನೆರಡು ದಿನ ಬಿಗಿಯಾಗಿದ್ದರೆ ಅವಳೇ ಬರುತ್ತಾಳೆ ಎಂದು ಅವನು ಮೀಸೆಯಲ್ಲಿ ನಗುತ್ತಿದ್ದ. ಅಲ್ಲಿ ಅವಳು ಕರಗಿರಲೇ ಇಲ್ಲ. ಇಲ್ಲಿ ಇವನು ಅತ್ತಿರಲೇ ಇಲ್ಲ. ಮನೆ ತುಂಬಾ ಓಡಾಡಿದ್ದದ್ದೆಲ್ಲ ಅಮ್ಮನ ಸ್ವಂತ ಸರಕು.

ಮುಂದಿನ ಸಲ ಪೆಡಲ್ ಧಡ್ ಎಂದಿತು, ಅವನು ಬಿಚ್ಚಿದ, ಅಮ್ಮ "ಸಾಕು ಬಿಡ..." ಎಂದಳು.

"ಬಿಡಬೇಡ!" ಎಂದು ಮೇಸ್ತ್ರಿ ಕಿರುಚಿದ. "ನಿನಗೇ ಹೇಳ್ತಿರೋದು! ಕಾಲು ತೆಗೀಬೇಡ!"

ದರ್ಜಿಯ ಕೈಯಿಂದ ಆಯಿಲ್ ಬಾಟಲಿ ಜಾರಿತು. ಪಂಕ್ಚರ್ ಅಂಗಡಿಯವನು ಟ್ಯೂಬು ಹಿಡಿದೇ ಬೀದಿಗೆ ಬಂದು ನಿಂತ. ಸೀಟಿನಿಂದ ಹೆಂಡತಿಯ ದನಿ, ಹನ್ನೊಂದು ದಿನದಿಂದ ಗಂಡನ ಮೇಲೆ ಬಳಸದೆ ಸ್ವಲ್ಪ ಒರಟಾಗಿದ್ದದ್ದು, ನೇರವಾಗಿ ಕೆಳಗಿಳಿಯಿತು.

"ತೆಗೆದಿಲ್ಲ."

ಮೇಸ್ತ್ರಿ ನಿಪ್ಪಲ್ ಮುಚ್ಚಿದ. "ಈಗ ಬಿಡು."

"ಬಿಟ್ಟೆ."

"ಒತ್ತು."

"ಒತ್ತಿದೀನಿ."

"ಅಯ್ಯೋ ನನ್ನನ್ನ ಕೇಳಿ!" ಎಂದಳು ಅಮ್ಮ ಸ್ಟೂಲಿನ ಮೇಲೆ ಗಾಬರಿಯಾಗಿ. "ನೀವಿಬ್ಬರೇ ಮಾತಾಡ್ಕೊಂಡ್ರೆ ನಾನು ಯಾಕಿರೋದು?"

"ಅಮ್ಮ, ನೀನು ಎರಡು ನಿಮಿಷ ಸುಮ್ನಿರು."

"ಹೂಂ ಕಣಪ್ಪ. ಇಪ್ಪತ್ತು ವರ್ಷದಿಂದ ಇದೇ ಮಾತು. ಈ ಹನ್ನೊಂದು ದಿನವೇ ನನ್ನ ಮಾತನ್ನ ಇಬ್ಬರೂ ಬಾಯಿ ಬಿಟ್ಕೊಂಡು ಕೇಳಿದ್ದು."

ಹತ್ತು ಸಲ ಆಯಿತು. ಹನ್ನೆರಡು ಸಲ ಆಯಿತು. ನೊರೆ ತೆಳುವಾಯಿತು, ಆಮೇಲೆ ಗುಳ್ಳೆ ಒಂದೊಂದು. ಪ್ರತಿ ಸಲವೂ ಪೆಡಲ್ ಒಂದೊಂದು ಬೆರಳು ಮೇಲಕ್ಕೆ ನಿಂತಿತು. ಮೇಡಮ್ ದನಿಯಲ್ಲೇ ಅದು ಗೊತ್ತಾಗುತ್ತಿತ್ತು. "ಗಟ್ಟಿಯಾಗ್ತಿದೆ" ಎಂದಳು ಒಮ್ಮೆ, ಯಾರಿಗೂ ಹೇಳಿದಂತಲ್ಲ. ಮೇಸ್ತ್ರಿ ಕೊನೆಯ ಸಲ ಎಂದು ನಿಪ್ಪಲ್ ಬಿಚ್ಚಿದ. ಸಣ್ಣ ನೂಲಿನಂತೆ ಶುದ್ಧ ಆಯಿಲ್ ಬಂತು, ಒಂದು ಗುಳ್ಳೆಯಿಲ್ಲ. ಆ ಸಂತೋಷದಲ್ಲೋ, ಬೆರಳಿನ ಜಿಡ್ಡಿನಿಂದಲೋ, ಪಾನಾ ಕೈ ಜಾರಿತು. ಟಣಟಣ ಉರುಳಿ ಕಾರಿನಾಚೆ ಹೋಗಿ ಒಂದು ಜೊತೆ ಹೊಳೆಯುವ ಕಪ್ಪು ಬೂಟಿನ ಪಕ್ಕ ನಿಂತಿತು.

ಬೂಟಿನ ಮೇಲೆ ಇಸ್ತ್ರಿಯ ಪ್ಯಾಂಟು. ಪ್ಯಾಂಟಿನ ಪಕ್ಕ ನೇತಾಡುವ ಒಂದು ಫೈಲು. ತಪಾಸಣೆ ಅಧಿಕಾರಿ ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದರು. ಇಂಥದ್ದೊಂದು ನಡೆಯಿತೆಂದರೆ ಯಾರೂ ನಂಬುವುದಿಲ್ಲ, ಅದು ನನಗೂ ಗೊತ್ತು.

ಮೇಸ್ತ್ರಿ ಹೆಬ್ಬೆರಳನ್ನು ನಿಪ್ಪಲ್ ಮೇಲೆ ಅದುಮಿದ. "ಕಾಲು ತೆಗೀಬೇಡ! ಪಾನಾ ಬಿದ್ದೋಯ್ತು. ನಿಪ್ಪಲ್ ತೆರೆದೇ ಇದೆ. ತೆಗೆದ್ರೆ ಎಲ್ಲಾ ಮೊದಲಿಂದ."

"ತೆಗೀತೀನಿ" ಎಂದಳು ಮೇಡಮ್.

"ಏನು?"

"ತೆಗೀತೀನಿ ಅಂದೆ. ಮೊದಲು ಹೇಳಿ. ಅತ್ತೆ ತಂದು ಕೊಟ್ಟಿದ್ದೆಲ್ಲ ನೀವು ಹೇಳಿ ಕಳಿಸಿದ್ದಾ?"

ಹೂಂ ಅಂದರೆ ಮುಗಿಯುತ್ತಿತ್ತು. ಚಕ್ರದ ಪಕ್ಕ ಅಮ್ಮನ ಮುಖ ಇಣುಕಿ, ಹೂಂ ಅನ್ನು, ಹೂಂ ಅನ್ನು ಎಂದು ಹುಬ್ಬು ಹಾರಿಸುತ್ತಿತ್ತು.

"ಇಲ್ಲ" ಎಂದ ಮೇಸ್ತ್ರಿ.

ಅಮ್ಮ ಹಣೆ ಚಚ್ಚಿಕೊಂಡಳು.

"ನನಗೂ ಅನ್ನಿಸ್ತು" ಎಂದಳು ಮೇಡಮ್. "ಏಳು ಜನ್ಮದ ಮಾತೆಲ್ಲ ನಿಮ್ಮ ಬಾಯಲ್ಲಿ ಬರೋದಲ್ಲ. ಸರಿ. ಪರವಾನಗಿ ಹೋದ್ರೆ ಹೋಗ್ಲಿ. ಈ ಕಾಲಿಂದ ಇನ್ನೂರು ಜನಕ್ಕೆ ಕಲಿಸಿದೀನಿ ನಾನು. ಬೀದಿಯಲ್ಲಿ ಕೆಟ್ಟ ಹೆಸರು ಹೊತ್ತಿರೋ ಕಾಲು ಇಟ್ಕೊಂಡು ಪರವಾನಗಿ ಯಾಕೆ ಬೇಕು? ಮೂರು ಎಣಿಸ್ತೀನಿ."

"ರೀ ಸಾರ್, ಆ ಪಾನಾ ಸ್ವಲ್ಪ..." ಎಂದು ಮೇಸ್ತ್ರಿ ಬೂಟಿನ ಕಡೆ ಕೈ ಚಾಚಿದ. ಬೂಟು ಅಲುಗಲಿಲ್ಲ.

"ಒಂದು."

ಕಾರಿನ ಸುತ್ತ ಈಗ ಕಾಲುಗಳು ಹೆಚ್ಚಾಗಿದ್ದವು. ದರ್ಜಿಯ ಚಪ್ಪಲಿ, ಪಂಕ್ಚರ್ ಅಂಗಡಿಯವನ ಬರಿಗಾಲು, ಇನ್ನೂ ಯಾರು ಯಾರದೋ. ಅವತ್ತು ಕೂಡುರಸ್ತೆಯಲ್ಲಿ ಇದ್ದಷ್ಟೇ ಜನ.

"ಎರಡು."

"ನಿನ್ನ ಕಾಲಿನ ತಪ್ಪಲ್ಲ!" ಎಂದ ಮೇಸ್ತ್ರಿ. ಒಮ್ಮೆ ಹೊರಟ ಮೇಲೆ ನಿಲ್ಲಲಿಲ್ಲ. "ಕಾಲಿಟ್ರೆ ಪ್ಲೇಟ್ ಸವೀಬೇಕು. ನಿನ್ನ ಪ್ಲೇಟ್ ಹೊಸದರ ಹಾಗಿದೆ. ಸಿಲಿಂಡರ್ ಹೋಗಿದ್ದು ಆಯಿಲ್ ಕೊಳೆತು. ಏಳು ವರ್ಷ ನಾನು ಬದಲಿಸಲೇ ಇಲ್ಲ. ಗೊತ್ತಿದ್ದೂ ಜನದ ಮುಂದೆ ನಿನ್ನ ತಲೆಗೆ ಕಟ್ಟಿದೆ. ತಪ್ಪು ನಂದು. ಪೂರ್ತಿ ನಂದು."

ಬೀದಿಯೇ ದಂಗಾಯಿತು. ಮೇಸ್ತ್ರಿ ತನ್ನ ತಪ್ಪು ಎಂದದ್ದನ್ನು ಅಲ್ಲಿದ್ದವರು ಯಾರೂ ಈ ಮೊದಲು ಕೇಳಿರಲಿಲ್ಲ. ಎಲ್ಲರಿಗಿಂತ ಹೆಚ್ಚು ದಂಗಾದವನು ಕಾರಿನ ಕೆಳಗಿದ್ದವನೇ. ಇಷ್ಟು ಮಾತು ತನ್ನೊಳಗೆ ಎಲ್ಲಿತ್ತು ಎಂದು ಅವನಿಗೇ ತಿಳಿಯಲಿಲ್ಲ.

"ಮುಗೀತಾ?" ಎಂದು ಬೂಟಿನವರು ಕೇಳಿದರು.

"ಮುಗೀತು ಸಾರ್."

ಬೂಟಿನ ತುದಿ ಪಾನಾವನ್ನು ಮೆಲ್ಲಗೆ ಕಾರಿನ ಕೆಳಗೆ ತಳ್ಳಿತು. ಮೇಸ್ತ್ರಿ ನಿಪ್ಪಲ್ ಬಿಗಿದ. ಮೇಲೆ ಹೆಂಡತಿ ಕಾಲು ತೆಗೆದಳು. ಪೆಡಲ್ ಟಪ್ ಎಂದು ಪೂರ್ತಿ ಎದ್ದು ನಿಂತಿತು.

ಅಧಿಕಾರಿ ಹೆಚ್ಚು ಮಾತಿನವರಲ್ಲ. ಕಾರಿನಲ್ಲಿ ಕೂತರು, ಪೇಟೆಯ ಹಿಂದಿನ ಏರುರಸ್ತೆಗೆ ಹೋಗಿ ಎಂದರು. ಏರಿನ ನಟ್ಟನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ ಎಂದರು. ಹಿಂದೆ ಒಂದು ಲಾರಿ ಬಾಲಕ್ಕೆ ಮೂತಿ ಹಚ್ಚಿ ನಿಂತಿತ್ತು. ಮೇಡಮ್ ಎಡಗಾಲನ್ನು ಕೂದಲೆಳೆಯಷ್ಟು ಎತ್ತಿದಳು. ಕಾರು ಒಂದಂಗುಲ ಹಿಂದೆ ಜಾರದೆ, ಹಾಲು ಕುಡಿದ ಮಗುವಿನಂತೆ ಮುಂದೆ ಹೊರಟಿತು. ಅಧಿಕಾರಿ ಫೈಲಿನಲ್ಲಿ ಏನೋ ಬರೆದರು. ಹಿಂದಿನ ಸೀಟಿನಲ್ಲಿ ಕೂತಿದ್ದ ದರ್ಜಿ ಇಣುಕಿ ನೋಡಿ ಬಂದು ಬೀದಿಗೆಲ್ಲ ಹೇಳಿದ: "ಕಾಲು ಉತ್ತಮ" ಎಂದು ಬರೆದಿದ್ದಾರಂತೆ. ಅಂಥ ಕಾಲಮ್ಮು ಯಾವ ಸರ್ಕಾರಿ ಫಾರಮ್ಮಿನಲ್ಲೂ ಇಲ್ಲ. ಆದರೆ ದರ್ಜಿ ಅಳತೆ ತಪ್ಪುವವನಲ್ಲ.

ಶೆಡ್ಡಿಗೆ ಮರಳಿ ಫೈಲಿಗೆ ಮೊಹರು ಒತ್ತಿದ ಮೇಲೆಯೂ ಅಧಿಕಾರಿ ಹೊರಡಲಿಲ್ಲ. ಮೇಸ್ತ್ರಿ ಕೈ ತೊಳೆಯುತ್ತಿದ್ದ, ಮೇಡಮ್ ನೀರು ಸುರಿಯುತ್ತಿದ್ದಳು. "ಇನ್ನೂ ಸುರಿ" ಎಂದ ಅವನು. "ಸುರೀತಿಲ್ವಾ ಏನು, ಕಣ್ಣು ಕಾಣಲ್ವಾ?" ಎಂದಳು ಅವಳು. ಅಮ್ಮ ಸ್ಟೂಲಿನ ಮೇಲೆ ಕೆಲಸ ಕಳೆದುಕೊಂಡವಳ ಹಾಗೆ ಕೂತು ಈ ಒರಟು ಮಾತುಗಳನ್ನು ಕೇಳಿ ನೊಂದುಕೊಳ್ಳುತ್ತಿದ್ದಳು. ಅವಳ ಮೂಲಕ ಹೋಗಿದ್ದರೆ ಎಷ್ಟು ಚಂದವಾಗಿ ಹೋಗುತ್ತಿದ್ದವು.

ಅಧಿಕಾರಿ ಅವಳ ಹತ್ತಿರ ಬಂದು ಫೈಲನ್ನು ಎದೆಗವಚಿಕೊಂಡು ನಿಂತರು. ಅತ್ತಿತ್ತ ನೋಡಿದರು. ದನಿ ತಗ್ಗಿಸಿದರು.

"ಅಮ್ಮಾ, ನಮ್ಮನೇಲಿ ಮಾತು ನಿಂತು ಎರಡು ವರ್ಷ ನಾಲ್ಕು ತಿಂಗಳಾಯ್ತು. ನೀವು ಒಂದ್ಸಲ ಬರಕ್ಕಾಗುತ್ತಾ?"

ಅಮ್ಮ ಅವರನ್ನು ಬೂಟಿನಿಂದ ತಲೆಯವರೆಗೆ ಅಳೆದಳು. ಮಗನ ಮೊಂಡುತನವನ್ನೇ ಹನ್ನೊಂದು ದಿನ ಹೊತ್ತವಳು. ಎರಡು ವರ್ಷವೆಂದರೆ ದೊಡ್ಡ ಕೆಲಸ.

"ಬರ್ತೀನಪ್ಪ" ಎಂದಳು, ಮಂಡಿ ಹಿಡಿದುಕೊಂಡು ಏಳುತ್ತ. "ನಿಮ್ಮಿಬ್ಬರಲ್ಲಿ ಕಿವಿ ಚುರುಕು ಯಾರದು, ಮೊದಲು ಅದನ್ನ ಹೇಳು. ಅವರನ್ನ ಸ್ವಲ್ಪ ದೂರ ಕೂರಿಸಬೇಕು."